ಕೊಡಗಿನ ಹವೆಯಲ್ಲಿ ಏರ್‌ಬ್ರಷ್: ಧೂಳು, ಸ್ಟಾಟಿಕ್‌ಗೆ ಯಾವುದು ಕೆಲ್ಸ ಮಾಡುತ್ತೆ, ಯಾವುದು ಬರೀ ದುಡ್ಡು ದಂಡ

ಜನವರಿ ಕೊನೇ ವಾರ, ರಾತ್ರಿ ಒಂಬತ್ತೂವರೆ ಆಗಿತ್ತು, ಸುಂಟಿಕೊಪ್ಪದ ಹತ್ರ ನಮ್ಮನೆ ಹಿಂದಿನ ರೂಮಲ್ಲಿ ಕೂತು 1/72 ಸೈಜಿನ (ಅಸಲಿಗಿಂತ 72 ಪಟ್ಟು ಚಿಕ್ಕ) ಮಿಸ್ಟೇರ್ ಯುದ್ಧವಿಮಾನದ ಪ್ಲಾಸ್ಟಿಕ್ ಮಾಡೆಲ್‌ಗೆ ಏರ್‌ಬ್ರಷ್‌ನಲ್ಲಿ, ಅಂದ್ರೆ ಗಾಳಿ ಒತ್ತಡದಲ್ಲಿ ಬಣ್ಣ ಚಿಮ್ಮಿಸೋ ಪೆನ್ನಿನಂಥ ಸಾಧನದಲ್ಲಿ, ಗ್ಲಾಸ್ ಬ್ಲ್ಯಾಕ್ (ಹೊಳಪಿನ ಕಪ್ಪು ಬಣ್ಣ) ಹೊಡೆದು ಮುಗಿಸ್ದೆ. ಕನ್ನಡಿ ತರ ಬಂದಿತ್ತು ಮಾರಾಯ್ರೆ, ಟ್ಯೂಬ್‌ಲೈಟ್ ಅದ್ರೊಳಗೆ ನೆಟ್ಟಗೆ ಗೆರೆ ಎಳೆದಂಗೆ ಕಾಣ್ತಿತ್ತು. ಒಂದು ಲೋಟ ಕಾಫಿ ಕುಡ್ಕೊಂಡು ವಾಪಸ್ ಬಂದು ನೋಡಿದ್ರೆ ಎಡಗಡೆ ರೆಕ್ಕೆ ಮೇಲೆ, ಸರಿಯಾಗಿ ನಡುಮಧ್ಯೆ, ನಮ್ಮನೆ ನಾಯಿ ಕೂದ್ಲು ಒಂದು ಕೊಕ್ಕೆ ತರ ಬಾಗ್ಕೊಂಡು ಅಂಟಿದೆ, ಅದ್ರ ಅಕ್ಕಪಕ್ಕ ಏಳೆಂಟು ಚುಕ್ಕಿ. ನಾಯಿ ಆ ರೂಮಿಗೆ ಬರೋದೇ ಇಲ್ಲ. ಬಂದಿದ್ದು ನಾನು, ಅದನ್ನ ಮುದ್ದು ಮಾಡಿದ ಸ್ವೆಟರನ್ನೇ ಹಾಕ್ಕೊಂಡು.

ಮಿಸ್ಟೇರ್ ಯಾಕೆ ಅಂತ ಕೊಡಗಿನವ್ರು ಕೇಳಲ್ಲ, ಬೇರೆಯವ್ರಿಗೋಸ್ಕರ ಹೇಳ್ತೀನಿ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಗೆ ಹೋದಾಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಇದೇ ವಿಮಾನದಲ್ಲಿ, ತನಗಿಂತ ಸುಮಾರು ಎರಡು ಪಟ್ಟು ವೇಗದ ಎಫ್-104 ಸ್ಟಾರ್‌ಫೈಟರ್ ಎದುರು ತಿರುಗಿ ನಿಂತು ಅದನ್ನ ಹೊಡೆದುರುಳಿಸಿದ್ದು, ಅವ್ರು ವಾಪಸ್ ಬರ್ಲಿಲ್ಲ, 1988ರಲ್ಲಿ ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವ್ರ ಹೆಸರಿನ ವೃತ್ತ ಇದೆ. ಹಾಗಾಗಿ ಈ ಕಡೆ ಮಾಡೆಲ್ ಮಾಡೋನು ಒಂದಲ್ಲ ಒಂದು ದಿನ ಮಿಸ್ಟೇರ್‌ಗೆ ಬಂದೇ ಬರ್ತಾನೆ, ಬಂದ ಮೇಲೆ ಬೆಳ್ಳಿ ಬಣ್ಣ ಹೊಡೀಬೇಕು, ಬೆಳ್ಳಿ ಚೆನ್ನಾಗಿ ಬರ್ಬೇಕು ಅಂದ್ರೆ ಅಡಿಗೆ ಗ್ಲಾಸ್ ಬ್ಲ್ಯಾಕ್ ಬೇಕು, ಗ್ಲಾಸ್ ಬ್ಲ್ಯಾಕ್ ಮೇಲೆ ಒಂದು ಸಾಸಿವೆ ಕಾಳಿನ ನೂರನೇ ಒಂದು ಭಾಗದಷ್ಟು ಧೂಳು ಬಿದ್ರೂ ಅದು ಮೇಲಿನ ಬೆಳ್ಳಿಯಲ್ಲಿ ಗುಳ್ಳೆ ತರ ಎದ್ದು ಕಾಣುತ್ತೆ. ಮ್ಯಾಟ್ ಹಸಿರು ಟ್ಯಾಂಕ್ ಮಾಡೋರಿಗೆ ಈ ತಲೆನೋವು ಕಾಲು ಭಾಗನೂ ಇಲ್ಲ, ಅವ್ರು ಧೂಳು ಬಿದ್ರೆ ವೆದರಿಂಗ್ (ಬಳಸಿ ಹಳೇದಾದಂಗೆ ಕಾಣಿಸೋದು) ಅಂತ ಹೇಳಿ ಪಾರಾಗ್ತಾರೆ!

ಮೊದ್ಲು ಒಂದು ವಿಷ್ಯ. ಈ ಸಮಸ್ಯೆಗೆ ಅಂತ ಮಾರ್ಕೆಟ್‌ನಲ್ಲಿ ಹತ್ತು ತರ ಸಾಮಾನು ಇದೆ, ಬ್ರಷ್ಷು, ಬಟ್ಟೆ, ಚಾರ್ಜ್ ಇಳಿಸೋ ಗನ್ನು, ಫ್ಯಾನು, ಬೂತು (ಬಣ್ಣದ ಆವಿನ ಫ್ಯಾನ್‌ನಿಂದ ಎಳ್ಕೊಳ್ಳೋ ಪೆಟ್ಟಿಗೆ). ಎಲ್ಲಾನೂ ಎಲ್ಲಾ ಊರಲ್ಲೂ ಒಂದೇ ತರ ಕೆಲ್ಸ ಮಾಡಲ್ಲ. ನಮ್ಮ ಜಿಲ್ಲೆಯಲ್ಲಿ ಯಾವ ತಿಂಗಳು, ಯಾವ ಊರು ಅನ್ನೋದ್ರ ಮೇಲೆ ಅರ್ಧ ಉತ್ತರ ನಿಂತಿದೆ. ನಾನು ಇದು ಗೊತ್ತಿಲ್ದೆ ದುಡ್ಡು ಹಾಕಿದೀನಿ, ನೀವು ಹಾಕ್ಬೇಡಿ.

ಪ್ಲಾಸ್ಟಿಕ್ ಯಾಕೆ ಧೂಳು ಎಳ್ಕೊಳ್ಳುತ್ತೆ

ಸ್ಕೂಲಲ್ಲಿ ಬಾಚಣಿಗೆ ತಲೆಗೆ ಉಜ್ಜಿ ಪೇಪರ್ ಚೂರು ಎತ್ತಿದ್ದು ನೆನಪಿದೆಯಲ್ಲ, ಅದೇ ಇದು, ಸ್ಟಾಟಿಕ್ ಅಂದ್ರೆ ಉಜ್ಜಿದಾಗ ಮೈಮೇಲೆ ಕೂರೋ ವಿದ್ಯುತ್ ಚಾರ್ಜ್. ಕಿಟ್ ಪ್ಲಾಸ್ಟಿಕ್ ಅಂದ್ರೆ ಪಾಲಿಸ್ಟೈರೀನ್, ಉಜ್ಜಿದ್ರೆ ಅದು ನೆಗೆಟಿವ್ ಚಾರ್ಜ್ ಹಿಡ್ಕೊಳ್ಳುತ್ತೆ. ಉಣ್ಣೆ, ನೈಲಾನ್, ನಮ್ಮ ಚರ್ಮ, ಕೂದ್ಲು ಇವೆಲ್ಲ ಪಾಸಿಟಿವ್ ಕಡೆಯವು, ಹತ್ತಿ ಹೆಚ್ಚುಕಮ್ಮಿ ಮಧ್ಯದಲ್ಲಿ. ಅಂದ್ರೆ ಸ್ವೆಟರ್ ತೋಳು ರೆಕ್ಕೆಗೆ ತಾಗಿದ್ರೆ ಅದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ. ಸ್ಯಾಂಡಿಂಗ್ ಮಾಡೋದು (ಉಜ್ಜೋ ಪೇಪರಲ್ಲಿ ನಯ ಮಾಡೋದು), ಒಣ ಬಟ್ಟೇಲಿ ಒರ್ಸೋದು, ಮಾಸ್ಕಿಂಗ್ ಟೇಪ್ ಸರ್ ಅಂತ ಕಿತ್ತು ತೆಗೆಯೋದು, ಎಲ್ಲಾನೂ ಚಾರ್ಜ್ ಏರ್ಸುತ್ತೆ. ಕೈಗೆ ಚುರ್ ಅಂತ ಹೊಡೀಬೇಕಾದ್ರೆ ಸುಮಾರು 3000 ವೋಲ್ಟ್ ಬೇಕು, ಧೂಳು ಎಳ್ಕೊಳ್ಳೋಕೆ ಅಷ್ಟೆಲ್ಲ ಬೇಡ, ಹಾಗಾಗಿ ನಿಮಗೆ ಏನೂ ಗೊತ್ತಾಗ್ದೇನೆ ಮಾಡೆಲ್ ಧೂಳು ತಿನ್ತಾ ಇರುತ್ತೆ.

ಇಲ್ಲೊಂದು ತಪ್ಪು ಕಲ್ಪನೆ ತುಂಬಾ ಓಡಾಡುತ್ತೆ, ಅರ್ತಿಂಗ್ ಕೊಟ್ರೆ ಆಯ್ತು ಅಂತ. ಎಲೆಕ್ಟ್ರಾನಿಕ್ಸ್‌ನವ್ರು ಕೈಗೆ ಕಟ್ಕೊಳ್ಳೋ ಪಟ್ಟಿ ತಂದು ಅದ್ರ ಕ್ಲಿಪ್ಪನ್ನ ಮಾಡೆಲ್ ಹಿಡಿದಿರೋ ಕಡ್ಡಿಗೆ ಸಿಕ್ಕಿಸ್ತಾರೆ. ಪ್ಲಾಸ್ಟಿಕ್ ಕರೆಂಟ್ ಹರಿಯೋ ವಸ್ತುವೇ ಅಲ್ಲ, ಚಾರ್ಜ್ ಇದ್ದ ಜಾಗದಲ್ಲೇ ಕೂತಿರುತ್ತೆ, ತಂತಿ ತನಕ ನಡ್ಕೊಂಡು ಬರೋದೇ ಇಲ್ಲ. ಪಟ್ಟಿ ಕಟ್ಕೊಂಡ್ರೆ ನಿಮ್ಮ ಮೈ ಚಾರ್ಜ್ ಹೋಗುತ್ತೆ, ಮಾಡೆಲ್‌ದು ಹೋಗಲ್ಲ. ಅದನ್ನ ಇಳಿಸೋಕೆ ಮುಖ್ಯವಾಗಿ ಎರಡು ದಾರಿ, ಒಂದು ಮೈಮೇಲೆ ತೆಳ್ಳಗೆ ತೇವ ಕೂತು ಅದ್ರ ಮೂಲಕ ಹರಿದು ಹೋಗ್ಬೇಕು, ಇಲ್ಲಾ ಗಾಳಿಯಲ್ಲಿ ವಿರುದ್ಧ ಚಾರ್ಜಿನ ಅಯಾನು (ಚಾರ್ಜ್ ಇರೋ ಸಣ್ಣ ಕಣ) ಬಂದು ಕೂತ್ಕೋಬೇಕು. ಮುಂದೆ ಹೇಳೋ ಬಹುಪಾಲು ಸಾಮಾನು ಈ ಎರಡ್ರಲ್ಲಿ ಒಂದು ಮಾಡುತ್ತೆ, ಇಲ್ಲಾ ಎರಡನ್ನೂ ಮಾಡ್ದೆ ಬರೀ ಧೂಳು ಗುಡಿಸುತ್ತೆ.

ನಿಮ್ಮೂರು ಯಾವುದು, ತಿಂಗಳು ಯಾವುದು

ತೇವದ ಲೆಕ್ಕ ಹೀಗೆ. ಗಾಳಿಯ ತೇವಾಂಶ 40 ಪರ್ಸೆಂಟ್‌ಗಿಂತ ಕೆಳಗೆ ಇಳಿದ್ರೆ ಸ್ಟಾಟಿಕ್ ಕಾಟ ಶುರು, 55-60 ದಾಟಿದ್ರೆ ಬಹುಮಟ್ಟಿಗೆ ತಾನಾಗೇ ಇಳಿಯುತ್ತೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮಡಿಕೇರಿಯಲ್ಲಿ ಗೋಡೆನೇ ಬೆವರ್ತಾ ಇರುತ್ತೆ, ಬಟ್ಟೆ ಎಂಟು ದಿನ ಆದ್ರೂ ಒಣಗಲ್ಲ, ಅಲ್ಲಿ ಸ್ಟಾಟಿಕ್‌ಗೆ ಗನ್ ತಂದ್ರೆ ನಗ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಮೊದಲಲ್ಲಿ ಬರೋ ಕೈಲ್‌ಪೊಳ್ದ್ ಹಬ್ಬ ಮುಗಿಯೋ ತನಕ ನಮಗೆ ಸ್ಟಾಟಿಕ್ ಅನ್ನೋದೇ ಇಲ್ಲ ಅಂತ ಇಟ್ಕೊಳ್ಳಿ. ಆಗ ಬೀಳೋ ಧೂಳು ಬೇರೆ ಕಾರಣಕ್ಕೆ ಬೀಳೋದು, ಅದಕ್ಕೆ ಮದ್ದೂ ಬೇರೆ.

ಹುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಆದ್ಮೇಲೆ ಕಥೆ ಉಲ್ಟಾ. ಡಿಸೆಂಬರ್‌ನಿಂದ ಮಾರ್ಚ್ ತನಕ ಬಿಸಿಲು ಒಣ, ರಾತ್ರಿ ಚಳಿ, ಕಾಫಿ ಕುಯ್ಲು, ಕಣದಲ್ಲಿ ಕಾಫಿ ಒಣಗ್ತಿರುತ್ತೆ, ಜೀಪು ಓಡಾಡಿದ್ರೆ ಕೆಂಪು ಧೂಳು. ಅದ್ರ ಮೇಲೆ ನಾವು ಚಳಿ ಅಂತ ರೂಮ್ ಹೀಟರ್ ಹಾಕ್ತೀವಿ, ಅಲ್ಲೇ ಎಡವೋದು. ಹೊರಗೆ 15 ಡಿಗ್ರಿ, 60 ಪರ್ಸೆಂಟ್ ತೇವ ಇರೋ ಗಾಳಿನ ರೂಮಲ್ಲಿ 25 ಡಿಗ್ರಿಗೆ ಕಾಯಿಸಿದ್ರೆ ಅದ್ರ ತೇವಾಂಶ 32 ಪರ್ಸೆಂಟ್ ಆಸುಪಾಸಿಗೆ ಬಿದ್ದೋಗುತ್ತೆ, ನೀರೇನೂ ತೆಗೆದಿಲ್ಲ, ಬರೀ ಬಿಸಿ ಮಾಡಿದ್ದಷ್ಟೆ. ನನ್ನ ಮಿಸ್ಟೇರ್ ರಾತ್ರಿ ಹೀಟರ್ ಆನ್ ಇತ್ತು, ಸ್ವೆಟರ್ ಮೈಮೇಲಿತ್ತು, ಇನ್ನೇನು ಬೇಕು ಹೇಳಿ.

ಕುಶಾಲನಗರದಲ್ಲಿರೋ ನಮ್ಮ ಚಿಕ್ಕಪ್ಪನ ಮಗನಿಗೆ ಈ ಕಷ್ಟ ನನಗಿಂತ ಜಾಸ್ತಿ ದಿನ. ಅಲ್ಲಿ ಮಳೆ ಕಮ್ಮಿ, ಬಯಲುಸೀಮೆ ಗಾಳಿ, ಮೇಲಿಂದ ಕಾಫಿ ಕ್ಯೂರಿಂಗ್ ಕೆಲ್ಸ ಜೋರಾಗಿ ನಡಿಯೋ ಊರು. ಮಡಿಕೇರಿ, ಭಾಗಮಂಡಲ ಕಡೆಯವ್ರಿಗೆ ವರ್ಷದಲ್ಲಿ ಎರಡು ಮೂರು ತಿಂಗಳ ಕಾಟ ಆದ್ರೆ ಅವನಿಗೆ ಐದಾರು ತಿಂಗಳು. ಇಬ್ರಿಗೂ ಒಂದೇ ಸಲಹೆ ಕೊಡೋಕೆ ಆಗಲ್ಲ, ಅದಕ್ಕೇ ಮೊದ್ಲು ಒಂದು ಡಿಜಿಟಲ್ ಹೈಗ್ರೋಮೀಟರ್ (ಗಾಳಿಯ ತೇವಾಂಶ ಅಳೆಯೋ ಮೀಟರ್) ತಗೊಳ್ಳಿ, ಕೆಲವು ನೂರು ರೂಪಾಯಿ ಅಷ್ಟೆ, ಟೇಬಲ್ ಮೇಲೆ ಇಡಿ, ಸ್ಪ್ರೇ ಮಾಡೋ ಮುಂಚೆ ನೋಡಿ. ಈ ಇಡೀ ಬರಹದಲ್ಲಿ ಕಣ್ಣುಮುಚ್ಚಿ ತಗೊಳ್ಳಿ ಅಂತ ಹೇಳೋ ಸಾಮಾನು ಅದೊಂದೇ.

ತೊಳೆಯೋದಾ, ಒರ್ಸೋದಾ, ಟ್ಯಾಕ್ ಕ್ಲಾತಾ

ತೊಳೆಯೋದೇ ಗೆಲ್ಲುತ್ತೆ, ಎರಡು ಮಾತಿಲ್ಲ. ಉಗುರುಬೆಚ್ಚನೆ ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಹಳೇ ಮೆತ್ತನೆ ಟೂತ್‌ಬ್ರಷ್. ಸ್ಯಾಂಡಿಂಗ್ ಪುಡಿ ಪ್ಯಾನೆಲ್ ಗೆರೆ ಒಳಗೆ ಕೂತಿರುತ್ತಲ್ಲ, ಅದು ಬೇರೆ ಯಾವುದ್ರಲ್ಲೂ ಇಷ್ಟು ಚೆನ್ನಾಗಿ ಹೋಗಲ್ಲ, ಕೈ ಜಿಡ್ಡೂ ಹೋಗುತ್ತೆ, ಒದ್ದೆ ಆದ್ಮೇಲೆ ಚಾರ್ಜೂ ಇಳಿಯುತ್ತೆ. ಮೂರು ಕೆಲ್ಸ ಒಂದೇ ಸಲಕ್ಕೆ, ಖರ್ಚು ಸೊನ್ನೆ. ಸೋಪು ಪೂರ್ತಿ ಹೋಗ್ಬೇಕು, ಕೊನೇಗೊಂದ್ಸಲ ಫಿಲ್ಟರ್ ನೀರಲ್ಲಿ ಅದ್ದಿ ತೆಗೀರಿ, ಇಲ್ಲಾಂದ್ರೆ ನೀರಿನ ಕಲೆ ಬಿಳಿ ಬಿಳಿ ಉಳಿಯುತ್ತೆ. ಆಮೇಲೆ ಟವಲ್‌ನಲ್ಲಿ ಮಾತ್ರ ಒರ್ಸ್ಬೇಡಿ! ಅಷ್ಟೊತ್ತು ಮಾಡಿದ್ದೆಲ್ಲ ಅಲ್ಲೇ ಹಾಳು, ಉಜ್ಜಿದ್ರೆ ಚಾರ್ಜು ವಾಪಸ್, ಜೊತೆಗೆ ಟವಲ್ ನೂಲು. ಒಂದು ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿ, ಅಡಿಗೆ ಸ್ವಲ್ಪ ಸಂದಿ ಬಿಟ್ಟು, ತಾನಾಗೇ ಒಣಗೋಕೆ ಬಿಡಿ. ಮಳೆಗಾಲದಲ್ಲಿ ಇದಕ್ಕೆ ಇಡೀ ರಾತ್ರಿ ಬೇಕಾಗುತ್ತೆ, ಕಾಕ್‌ಪಿಟ್ ಒಳಗೆ ನುಗ್ಗಿದ ನೀರು ಎರಡು ದಿನ ಆದ್ಮೇಲೂ ಸ್ಪ್ರೇ ಮಾಡುವಾಗ ಹನಿ ಹನಿಯಾಗಿ ಈಚೆ ಬಂದಿದ್ದುಂಟು ನನಗೆ.

ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚಿ ಒರ್ಸೋದು ಎರಡನೇ ಸ್ಥಾನ. ತೊಳೆಯೋಕೆ ಆಗದಂಥದ್ದು, ಅರ್ಧ ಡೀಕಾಲ್ (ಅಂಟಿಸೋ ಗುರುತು, ನಂಬರ್ ಚಿತ್ರ) ಹಾಕಿದ್ದು, ಒಳಗೆ ಕಾಕ್‌ಪಿಟ್ ಬಣ್ಣ ಆಗಿರೋದು, ಅಂಥದಕ್ಕೆ ನೂಲು ಬಿಡದ ಬಟ್ಟೆಗೆ ಹಚ್ಕೊಂಡು ಮೆಲ್ಲಗೆ ಒಂದು ಕಡೆಯಿಂದ ಎಳೀಬೇಕು. ಜಿಡ್ಡಿಗೆ ಒಳ್ಳೇದು, ಆದ್ರೆ ಬೇಗ ಆರೋದ್ರಿಂದ ಕೊನೇ ಎಳೆತ ಒಣ ಪ್ಲಾಸ್ಟಿಕ್ ಮೇಲೆನೇ ಆಗುತ್ತೆ, ಅಲ್ಲಿಗೆ ಮತ್ತೆ ಸ್ವಲ್ಪ ಚಾರ್ಜ್. ಇನ್ನೊಂದು ನೆನಪಿಡಿ, ಆಕ್ರಿಲಿಕ್ ಬಣ್ಣ ಹೊಡೆದು ಒಂದೆರಡು ದಿನ ಆಗಿದ್ರೆ ಐಪಿಎ ಅದನ್ನ ಎತ್ಕೊಂಡು ಬರುತ್ತೆ, ತವಾದಿಂದ ದೋಸೆ ಎಬ್ಬಿಸ್ದಂಗೆ.

ಟ್ಯಾಕ್ ಕ್ಲಾತ್ ಅಂದ್ರೆ ಕಾರ್ ಪೇಂಟ್ ಮಾಡೋರು ಬಳಸೋ ಅಂಟಂಟು ಬಟ್ಟೆ, ಆಟೋಮೊಬೈಲ್ ಪೇಂಟ್ ಅಂಗಡೀಲಿ ಸಿಗುತ್ತೆ. ಕಾರ್ ಬಾನೆಟ್ ಮೇಲೆ ಅದು ರಾಜ. ನಮ್ಮ ಮಾಡೆಲ್ ಮೇಲೆ ಆಂಟೆನಾ, ವೇಗ ಅಳೆಯೋ ಪಿಟೋ ಕಡ್ಡಿ ಎಲ್ಲಾ ಸಿಕ್ಕಿಸ್ಕೊಂಡು ಮುರಿಯುತ್ತೆ, ಜೋರಾಗಿ ಒತ್ತಿದ್ರೆ ಅದ್ರ ಅಂಟು ಪ್ಲಾಸ್ಟಿಕ್‌ಗೆ ಹತ್ತಿ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನ ತರ ಬಿಟ್ಕೊಳ್ಳುತ್ತೆ. ಪ್ರೈಮರ್ (ಅಡಿ ಕೋಟ್) ಆದ್ಮೇಲೆ, ಬಣ್ಣದ ಮುಂಚೆ, ಅಗಲವಾದ ರೆಕ್ಕೆ ಮೇಲೆ ಅದ್ರ ಭಾರದಲ್ಲೇ ಒಂದ್ಸಲ ಸವರೋದಾದ್ರೆ ಸರಿ. ಸಣ್ಣ ಚೂರು ಕತ್ತರಿಸಿ ಇಟ್ಕೊಂಡ್ರೆ ಒಂದು ಬಟ್ಟೆ ಒಂದು ವರ್ಷ ಬರುತ್ತೆ. ಇಲ್ಲಾಂದ್ರೂ ಬದುಕಬಹುದು.

ಬ್ರಷ್ಷು, ಊದೋದು

ಆಂಟಿಸ್ಟಾಟಿಕ್ ಬ್ರಷ್‌ಗಳಲ್ಲಿ ಎರಡು ಜಾತಿ. ಜಪಾನಿನ ತಮಿಯಾ ಕಂಪ್ನಿಯವ್ರದ್ದು ಮಾಡೆಲ್‌ಗೇ ಅಂತ ಬರೋ ಕ್ಲೀನಿಂಗ್ ಬ್ರಷ್, ಮೆತ್ತಗಿರುತ್ತೆ, ಗುಡಿಸ್ತಾ ಗುಡಿಸ್ತಾ ಚಾರ್ಜ್ ಇಳಿಸುತ್ತೆ. ಇನ್ನೊಂದು ಹಳೇ ಗ್ರಾಮಫೋನ್ ರೆಕಾರ್ಡ್ ಒರ್ಸೋಕೆ ಬರೋ ಕಾರ್ಬನ್ ಫೈಬರ್ ಬ್ರಷ್, ಕಾರ್ಬನ್ ಕರೆಂಟ್ ಹರಿಸೋ ವಸ್ತು ಆಗಿರೋದ್ರಿಂದ ಎಳೆಗಳ ಮೂಲಕ ಚಾರ್ಜ್ ನಿಮ್ಮ ಕೈಗೆ ಬಂದು ಹೋಗುತ್ತೆ, ಅದಕ್ಕೆ ಲೋಹದ ಹಿಡಿ ಇರೋದನ್ನ ಬರಿಗೈಲಿ ಹಿಡೀಬೇಕು, ಗ್ಲೌಸ್ ಹಾಕ್ಕೊಂಡ್ರೆ ಅರ್ಧ ಪ್ರಯೋಜನ ಹೋಯ್ತು. ರೆಕಾರ್ಡ್ ಬ್ರಷ್ ಚಪ್ಪಟೆ ಜಾಗಕ್ಕೆ ಚೆನ್ನಾಗಿದೆ, ಎಳೆ ಚಿಕ್ಕದು, ಮೂಲೆಗೆ ಹೋಗಲ್ಲ. ನಾನು ಒಂದೇ ತಗೊಳ್ಳಿ ಅಂದ್ರೆ ತಮಿಯಾ ತರದ್ದನ್ನೇ ಹೇಳ್ತೀನಿ. ಮೇಕಪ್ ಬ್ರಷ್ ಸಾಕು ಅನ್ನೋರಿದ್ದಾರೆ, ಅದ್ರಲ್ಲಿ ನೈಲಾನ್ ಎಳೆ ಇದ್ರೆ ಗುಡಿಸಿದಷ್ಟೂ ಚಾರ್ಜ್ ಏರುತ್ತೆ. ಯಾವುದೇ ಆಗ್ಲಿ ಜಿಪ್ ಕವರ್‌ನಲ್ಲಿ ಮುಚ್ಚಿಡಿ, ಟೇಬಲ್ ಮೇಲೆ ಬಿಟ್ರೆ ಮುಂದಿನ ಸಲ ಅದೇ ಧೂಳು ಹಂಚುತ್ತೆ.

ಊದೋಕೆ ಕ್ಯಾಮೆರಾದವ್ರ ರಬ್ಬರ್ ಬ್ಲೋವರ್ ಅಥವಾ ಏರ್‌ಬ್ರಷ್‌ನದ್ದೇ ಬರೀ ಗಾಳಿ. ಏರ್‌ಬ್ರಷ್ ಕೈಯಲ್ಲೇ ಇದೆ, ಗಾಳಿ ಒತ್ತಡ 20-25 ಪಿಎಸ್ಐ ಇಟ್ಟು ಊದಿ, ಆದ್ರೆ ಮೊದ್ಲು ಕೈ ಹಿಂಭಾಗಕ್ಕೆ ಊದಿ ನೋಡಿ ನೀರು ಬರ್ತಿದೆಯಾ ಅಂತ. ನಮ್ಮ ಮಳೆಗಾಲದಲ್ಲಿ ಕಂಪ್ರೆಸರ್ ಟ್ಯಾಂಕಿಂದ ನೀರು ಬಸಿದ್ರೆ ಅರ್ಧ ಟೀ ಲೋಟ ಬಂದಿದ್ದು ಇದೆ, ತೇವದ ಗಾಳಿನ ಒತ್ತಿದ್ರೆ ನೀರು ಹಿಂಡ್ಕೊಳ್ಳುತ್ತಲ್ಲ. ಮಾಯಿಶ್ಚರ್ ಟ್ರ್ಯಾಪ್ (ಗಾಳಿಯಲ್ಲಿರೋ ನೀರು ಹಿಡಿಯೋದು) ಒಂದು ಕಂಪ್ರೆಸರ್ ಹತ್ರ, ಇನ್ನೊಂದು ಚಿಕ್ಕದು ಏರ್‌ಬ್ರಷ್ ಹಿಡಿ ಹತ್ರ, ಎರಡೂ ಇರ್ಲಿ, ಹೋಸ್ ಉದ್ದಕ್ಕೂ ಗಾಳಿ ತಣ್ಣಗಾಗ್ತಾ ಇನ್ನಷ್ಟು ನೀರು ಬಿಡುತ್ತೆ. ಊದಿದ್ರೆ ಚಾರ್ಜ್ ಹೋಗಲ್ಲ, ಧೂಳು ಎದ್ದು ಒಂದು ಸುತ್ತು ಹಾಕಿ ಮತ್ತೆ ಅದೇ ರೆಕ್ಕೆಗೆ ಬಂದು ಕೂರುತ್ತೆ. ಹಾಗಾಗಿ ಮೊದ್ಲು ಬ್ರಷ್, ಆಮೇಲೆ ಊದೋದು, ಅದೂ ಬೂತ್ ಒಳಗೆ ಫ್ಯಾನ್ ಆನ್ ಇದ್ದಾಗ.

ದುಬಾರಿ ಆಟಿಕೆಗಳು: ಗನ್ ಮತ್ತು ಅಯಾನೈಸರ್ ಫ್ಯಾನ್

ಮಿಲ್ಟಿ ಕಂಪ್ನಿಯ ಝೀರೋಸ್ಟಾಟ್ ಅಂತ ಒಂದು ಗನ್ ಇದೆ, ಅದೂ ರೆಕಾರ್ಡ್ ಕೇಳೋರಿಗೆ ಮಾಡಿದ್ದು. ಒಳಗೆ ಗ್ಯಾಸ್ ಲೈಟರ್‌ನಲ್ಲಿರೋ ತರದ್ದೇ ಪೀಝೋ ಹರಳು, ಟ್ರಿಗರ್ ನಿಧಾನವಾಗಿ ಒತ್ತಿದ್ರೆ ಪಾಸಿಟಿವ್ ಅಯಾನು, ನಿಧಾನವಾಗಿ ಬಿಟ್ರೆ ನೆಗೆಟಿವ್. ಬ್ಯಾಟರಿ ಬೇಡ, ಕರೆಂಟ್ ಬೇಡ, ನಿಜವಾಗ್ಲೂ ಕೆಲ್ಸ ಮಾಡುತ್ತೆ. ಟಕ್ ಟಕ್ ಅಂತ ಲೈಟರ್ ತರ ಒತ್ತಿದ್ರೆ ಮಾತ್ರ ಕೆಲ್ಸ ಕೆಡುತ್ತೆ, ಅದಕ್ಕೆ ತಾಳ್ಮೆ ಬೇಕು. ಅಯಾನೈಸರ್ ಫ್ಯಾನ್ ಅಂದ್ರೆ ಫ್ಯಾಕ್ಟರಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ಜೋಡಿಸೋ ಟೇಬಲ್ ಮೇಲೆ ಇಡೋದು, ಎರಡೂ ಜಾತಿ ಅಯಾನು ಸಮವಾಗಿ ಊದ್ತಾ ಇರುತ್ತೆ. ಫ್ಯಾನ್ ಗನ್‌ಗಿಂತ ಸಲೀಸು, ಇಡೀ ಮಾಡೆಲ್ ಅದ್ರ ಮುಂದೆ ಅರ್ಧ ನಿಮಿಷ ತಿರುಗಿಸಿದ್ರೆ ಆಯ್ತು, ಬೆಲೆ ಮಾತ್ರ ಎದೆ ಧಸಕ್ ಅನ್ನುತ್ತೆ.

ಇವೆರಡ್ರ ಮಧ್ಯೆ ಒಂದು ಮೋಸ ಹೋಗೋ ಜಾಗ ಇದೆ, ನಾನೇ ಹೋಗಿದ್ದೆ. ರೂಮಿನ ಗಾಳಿ ಶುದ್ಧ ಮಾಡುತ್ತೆ ಅಂತ ಪ್ಲಗ್‌ಗೆ ಸಿಕ್ಕಿಸೋ ಸಣ್ಣ ಅಯಾನೈಸರ್ ಸಿಗುತ್ತೆ, ಅಗ್ಗ. ಅದು ಬರೀ ನೆಗೆಟಿವ್ ಅಯಾನು ಬಿಡುತ್ತೆ, ಅಂದ್ರೆ ಗಾಳಿಯಲ್ಲಿರೋ ಧೂಳಿಗೆ ಚಾರ್ಜ್ ಕೊಟ್ಟು ಸುತ್ತಮುತ್ತ ಇರೋ ಗೋಡೆ, ಟೇಬಲ್, ಸಿಕ್ಕಿದ್ದಕ್ಕೆಲ್ಲ ಅಂಟಿಸುತ್ತೆ. ಗಾಳಿ ಶುದ್ಧ ಆಗೋದು ಹಾಗೇನೇ. ನನ್ನದು ಈಗ ಅಟ್ಟದಲ್ಲಿದೆ.

ನನ್ನ ತೀರ್ಮಾನ: ಮಡಿಕೇರಿ, ವಿರಾಜಪೇಟೆ, ನಾಪೋಕ್ಲು ಕಡೆ ಇದ್ರೆ ಗನ್ನೂ ಬೇಡ ಫ್ಯಾನೂ ಬೇಡ, ಎರಡು ತಿಂಗಳಿಗೋಸ್ಕರ ಅಷ್ಟು ದುಡ್ಡು ಹಾಕೋದು ಬೆಪ್ಪುತನ. ಕುಶಾಲನಗರದಲ್ಲಿದ್ದು, ಬೆಳ್ಳಿ ವಿಮಾನ, ಹೊಳಪಿನ ಕಾರು ಇಂಥದ್ದೇ ಮಾಡೋರಾದ್ರೆ ಗನ್ ಯೋಚ್ನೆ ಮಾಡಿ. ಎರಡರಲ್ಲೂ ಒಳಗೆ ಸಾವಿರಾರು ವೋಲ್ಟ್ ಇರೋದ್ರಿಂದ ಥಿನ್ನರ್ ಬಾಟಲ್ ತೆಗೆಯೋ ಮುಂಚೆನೇ ಅದ್ರ ಕೆಲ್ಸ ಮುಗಿಸಿ ದೂರ ಇಟ್ಬಿಡಿ. ಲ್ಯಾಕರ್ (ಥಿನ್ನರ್‌ನಲ್ಲಿ ಕರಗೋ, ಬೇಗ ಒಣಗೋ ಬಣ್ಣ) ಆವಿ ತುಂಬಿದ ರೂಮಲ್ಲಿ ಕಿಡಿ ಹಾರಿಸೋ ಯಾವ ಸಾಮಾನೂ ಬೇಡ.

ರೂಮಿಗೆ ತೇವ ಮಾಡೋದು

ಇದು ಬಡವನ ಅಯಾನೈಸರ್. ಒಣ ತಿಂಗಳಲ್ಲಿ ಸ್ಪ್ರೇ ಮಾಡೋ ಅರ್ಧ ಗಂಟೆ ಮುಂಚೆ ನೆಲಕ್ಕೆ ಒದ್ದೆ ಬಟ್ಟೆ ಹಾಕಿ ಒರ್ಸಿ, ಗಾಳಿಗೆ ಸ್ಪ್ರೇ ಬಾಟಲ್‌ನಲ್ಲಿ ಮಂಜಿನ ತರ ನೀರು ಹಾರಿಸಿ, ಬಾಗಿಲು ಹಾಕಿ ಹೊರಗೆ ಬಂದ್ಬಿಡಿ. ಹಾರಾಡೋ ಧೂಳನ್ನ ಹನಿ ಹಿಡ್ಕೊಂಡು ಕೆಳಗೆ ಬೀಳುತ್ತೆ, ತೇವಾಂಶನೂ ಏರುತ್ತೆ. ನಮ್ಮ ರೂಮಲ್ಲಿ ಹೀಟರ್ ಆಫ್ ಮಾಡಿ ಇಷ್ಟು ಮಾಡಿದ್ರೆ ಹೈಗ್ರೋಮೀಟರ್ 36ರಿಂದ 52ಕ್ಕೆ ಬಂದಿದ್ದು ನೋಡಿದೀನಿ. ಹ್ಯೂಮಿಡಿಫೈಯರ್ ಇದನ್ನೇ ಮಾಡುತ್ತೆ, ಆದ್ರೆ ಅಲ್ಟ್ರಾಸೋನಿಕ್ ಜಾತಿದ್ದಕ್ಕೆ ಬೋರ್‌ವೆಲ್ ನೀರು ಹಾಕಿದ್ರೆ ನೀರಲ್ಲಿರೋ ಸುಣ್ಣ ಬಿಳಿ ಪುಡಿಯಾಗಿ ರೂಮೆಲ್ಲ ಕೂರುತ್ತೆ, ಧೂಳು ತೆಗೆಯೋಕೆ ಹೋಗಿ ಧೂಳು ತಯಾರ್ ಮಾಡ್ದಂಗೆ.

ಬೇರೆ ಊರಿನವ್ರು ಬಾತ್‌ರೂಮಲ್ಲಿ ಬಿಸಿನೀರು ಬಿಟ್ಟು ಹಬೆ ಮಾಡಿ ಅಲ್ಲೇ ಸ್ಪ್ರೇ ಮಾಡಿ ಅಂತ ಹೇಳ್ತಾರೆ. ನಮ್ಮ ಕಡೆ ಬಚ್ಚಲಲ್ಲಿ ಹಂಡೆ ಒಲೆ, ಇಲ್ಲಾ ಗ್ಯಾಸ್ ಗೀಸರ್. ಬೂದಿ ವಿಷ್ಯ ಬಿಡಿ, ಕೆಂಡ ಇರೋ ಜಾಗದಲ್ಲಿ ಲ್ಯಾಕರ್ ಹೊಡೆದ್ರೆ ಮಾಡೆಲ್ ಜೊತೆ ನಾವೂ ಹೋಗ್ತೀವಿ. ದಯವಿಟ್ಟು ಬೇಡ.

ಎಲ್ಲಕ್ಕಿಂತ ಒಳ್ಳೇ ಹ್ಯೂಮಿಡಿಫೈಯರ್ ನಮಗೆ ಪುಕ್ಕಟೆ ಸಿಗುತ್ತೆ, ಹೂಮಳೆ. ಫೆಬ್ರವರಿ ಮಾರ್ಚಲ್ಲಿ ಒಂದು ಮಳೆ ಬಿದ್ರೆ ರಸ್ತೆ ಧೂಳು ಅಡಗುತ್ತೆ, ಗಾಳಿ ತೊಳೆದಂಗಿರುತ್ತೆ, ತೇವ 60ರ ಹತ್ರ. ಎಲ್ರೂ ಕಾಫಿ ಹೂವಿನ ಫೋಟೋ ತೆಗೀತಿರ್ತಾರೆ, ನಾನು ಗ್ಲಾಸ್ ಕೋಟ್‌ಗೆ ಅಂತ ಎತ್ತಿಟ್ಟಿರೋ ಮಾಡೆಲ್‌ನೆಲ್ಲ ಈಚೆ ತೆಗೀತೀನಿ.

ಬೂತ್ ಇದ್ರೆ ಧೂಳಿಲ್ಲ ಅನ್ನೋ ನಂಬಿಕೆ

ಬೂತ್ ಬೇಕು, ಆದ್ರೆ ಅದು ನಿಮ್ಮ ಶ್ವಾಸಕೋಶಕ್ಕೆ, ಮಾಡೆಲ್‌ಗಲ್ಲ. ಲೆಕ್ಕ ಹಾಕಿ ನೋಡಿ. ಬೂತ್ ಬಾಯಲ್ಲಿ ಗಾಳಿ ನಿಮಿಷಕ್ಕೆ 100 ಅಡಿ ವೇಗದಲ್ಲಿ ಒಳಗೆ ಹೋಗ್ಬೇಕು ಅಂತ ಹೇಳ್ತಾರೆ. ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ ಬಾಯಿ ಆದ್ರೆ ನಿಮಿಷಕ್ಕೆ 150 ಘನ ಅಡಿ. ಹತ್ತು ಹತ್ತು ಅಡಿ ರೂಮು, ಒಂಬತ್ತಡಿ ಎತ್ತರ, ಒಟ್ಟು 900 ಘನ ಅಡಿ. ಅಂದ್ರೆ ಆರೇ ನಿಮಿಷದಲ್ಲಿ ಇಡೀ ರೂಮಿನಷ್ಟು ಗಾಳಿ ನಿಮ್ಮ ಒದ್ದೆ ಮಾಡೆಲ್ ಮುಂದೆ ಮೆರವಣಿಗೆ ಹೋಗುತ್ತೆ, ಅದ್ರಲ್ಲಿ ಏನೇನಿದೆಯೋ ಎಲ್ಲಾನೂ ಜೊತೆಗೇ. ಆ ಗಾಳಿ ಜಾಗಕ್ಕೆ ಹೊಸ ಗಾಳಿ ಎಲ್ಲಿಂದ ಬರುತ್ತೆ? ಬಾಗಿಲ ಸಂದಿಯಿಂದ, ಕಿಟಕಿಯಿಂದ. ಕಿಟಕಿ ಆಚೆ ಕಾಫಿ ಕಣ ಇದ್ರೆ ದೇವ್ರೇ ಗತಿ.

ಹಾಗಾಗಿ ಗಾಳಿ ಒಳಗೆ ಬರೋ ದಾರಿ ನೀವೇ ಆರಿಸ್ಕೊಳ್ಳಿ. ಕಣದ ಕಡೆ ಕಿಟಕಿ ಮುಚ್ಚಿ, ಮನೆ ಒಳಗಿನ ಬಾಗಿಲು ಸ್ವಲ್ಪ ತೆಗೆದು ಅದಕ್ಕೊಂದು ಒದ್ದೆ ಕಾಟನ್ ಸೀರೆ ಇಳಿಬಿಟ್ರೆ ಬೇಕಾದಷ್ಟಾಯ್ತು. ನಮ್ಮಮ್ಮನ ಹಳೇ ಸೀರೆ ಒಂದು ಇದಕ್ಕೇ ಮೀಸಲು. ಸ್ಪ್ರೇ ಮಾಡೋ ದಿನ ಪೊರಕೆ ಮುಟ್ಬೇಡಿ, ಗುಡಿಸಿದ ಧೂಳು ಗಂಟೆಗಟ್ಲೆ ಗಾಳಿಯಲ್ಲೇ ಇರುತ್ತೆ. ಮೇಲಿನ ಸೀಲಿಂಗ್ ಫ್ಯಾನ್ ಆಫ್, ಅದ್ರ ರೆಕ್ಕೆ ಮೇಲೆ ಎಷ್ಟು ಧೂಳಿದೆ ಅಂತ ಸ್ಟೂಲ್ ಹತ್ತಿ ನೋಡಿದ್ರೆ ಗೊತ್ತಾಗುತ್ತೆ. ಹೆಪಾ ಫಿಲ್ಟರ್ ಏರ್ ಪ್ಯೂರಿಫೈಯರ್ ಮನೇಲಿದ್ರೆ ಒಂದು ಗಂಟೆ ಮುಂಚೆ ಓಡಿಸಿ, ಸ್ಪ್ರೇ ಶುರು ಮಾಡೋವಾಗ ಆಫ್ ಮಾಡಿ, ಬಣ್ಣದ ಪುಡಿ ಫಿಲ್ಟರ್ ಕಟ್ಟಿಸುತ್ತೆ. ಇಲ್ಲದವ್ರು ಇದಕ್ಕೋಸ್ಕರ ತಗೊಳ್ಳೋದು ಬೇಡ, ಒದ್ದೆ ಬಟ್ಟೆಗೆ ಅದಕ್ಕಿಂತ ಜಾಸ್ತಿ ಮಾರ್ಕ್ಸ್. ಮಾಸ್ಕ್ ಮಾತ್ರ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರೋದೇ ಆಗ್ಬೇಕು, ಎನ್95 ಥಿನ್ನರ್ ಆವಿ ತಡಿಯಲ್ಲ.

ಬಟ್ಟೆ ಬಗ್ಗೆ ಒಂದೇ ಸಾಲು: ಉಣ್ಣೆ, ಫ್ಲೀಸ್, ನೈಲಾನ್ ಜಾಕೆಟ್ ಬಾಗಿಲಾಚೆ, ಹತ್ತಾರು ಸಲ ಒಗೆದ ನಯವಾದ ಕಾಟನ್ ಶರ್ಟ್, ತೋಳು ಮಡಚಿ, ಮೊಣಕೈ ತನಕ ಕೈ ಒದ್ದೆ ಮಾಡ್ಕೊಂಡು ಒರೆಸ್ಕೊಳ್ಳಿ.

ಬಣ್ಣನೇ ಬದಲಾಯಿಸಿದ್ರೆ?

ಇದ್ರ ಬಗ್ಗೆ ಜನ ಯೋಚ್ನೆನೇ ಮಾಡಲ್ಲ. ಬಣ್ಣ ಎಷ್ಟು ಹೊತ್ತು ಒದ್ದೆ ಇರುತ್ತೋ ಅಷ್ಟು ಹೊತ್ತು ಅದು ಧೂಳಿಗೆ ಅಂಟಿನ ಬಲೆ. ಎನಾಮೆಲ್ ಗಂಟೆಗಟ್ಲೆ ಒದ್ದೆ. ವಾಲೆಹೋ ತರದ ನೀರಿನ ಆಕ್ರಿಲಿಕ್ ಹತ್ತಿಪ್ಪತ್ತು ನಿಮಿಷ. ಮಿಸ್ಟರ್ ಕಲರ್, ತಮಿಯಾ ಎಲ್‌ಪಿ ತರದ ಲ್ಯಾಕರ್ ಕೆಲವೇ ನಿಮಿಷದಲ್ಲಿ ಮೇಲ್ಮೈ ಗಟ್ಟಿ. ಒಣ ಕಾಲದಲ್ಲಿ ಧೂಳಿನ ವಿರುದ್ಧ ಲ್ಯಾಕರ್‌ಗೆ ಸಾಟಿನೇ ಇಲ್ಲ. ಎನಾಮೆಲ್ ಗ್ಲಾಸ್‌ನ ಫೆಬ್ರವರಿಯಲ್ಲಿ ಹೊಡೆಯೋ ಧೈರ್ಯ ನನಗಿಲ್ಲ.

ಆದ್ರೆ ಜುಲೈಗೆ ಬನ್ನಿ. ಲ್ಯಾಕರ್ ಥಿನ್ನರ್ ಬೇಗ ಆರೋವಾಗ ಮೇಲ್ಮೈ ತಣ್ಣಗಾಗುತ್ತೆ, 90 ಪರ್ಸೆಂಟ್ ತೇವದ ಗಾಳಿಯಿಂದ ಅದ್ರ ಮೇಲೆ ಇಬ್ಬನಿ ಕೂರುತ್ತೆ, ಬಣ್ಣ ಮಸುಕು ಬಿಳಿ ಹಾಲು ಚೆಲ್ಲಿದಂಗೆ ಆಗುತ್ತೆ. ಅದಕ್ಕೆ ಬ್ಲಶಿಂಗ್ ಅಂತಾರೆ. ಮೊದಲ ಸಲ ನೋಡ್ದಾಗ ಬೂಷ್ಟು ಬಂತು ಅಂದ್ಕೊಂಡಿದ್ದೆ, ನಮ್ಮೂರಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತಲ್ಲ. ಇದಕ್ಕೆ ಲೆವೆಲಿಂಗ್ ಥಿನ್ನರ್, ಅದ್ರಲ್ಲಿ ರಿಟಾರ್ಡರ್ ಇರೋದ್ರಿಂದ ನಿಧಾನ ಆರುತ್ತೆ, ಬಿಳಿ ಬರಲ್ಲ. ಆಗ್ಲೇ ಬಿಳಿ ಬಂದಿದ್ರೆ ಅದೇ ಥಿನ್ನರ್ ತೆಳ್ಳಗೆ ಒಂದು ಮಂಜು ಹೊಡೆದ್ರೆ ಬಹಳ ಸಲ ಸರಿಹೋಗುತ್ತೆ. ಬೆಲೆ ಏನು ಕೊಡ್ತೀರಿ ಅಂದ್ರೆ, ಜಾಸ್ತಿ ಹೊತ್ತು ಒದ್ದೆ ಇರುತ್ತೆ, ಧೂಳಿಗೆ ಜಾಸ್ತಿ ಹೊತ್ತು ಅವಕಾಶ. ಮಳೆಗಾಲದಲ್ಲಿ ಸ್ಟಾಟಿಕ್ ಇಲ್ದೇ ಇರೋದ್ರಿಂದ ಆ ಬೆಲೆ ಕೊಡಬಹುದು. ಬೇಸಿಗೆಯಲ್ಲಿ ಅದೇ ಥಿನ್ನರ್ ಜಾಸ್ತಿ ಹಾಕಿದ್ರೆ ನೊಣ ಹಿಡಿಯೋ ಪೇಪರ್ ತರ ಆಗುತ್ತೆ.

ಒಣಗಿಸೋಕೆ ಮುಚ್ಚಳ ಕಡ್ಡಾಯ, ಇದಕ್ಕೆ ಕೇಕ್ ಡಬ್ಬಿಯೋ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೋ ಸಾಕು, ಒಳಗಡೆ ಮುಂಚೆನೇ ಒದ್ದೆ ಬಟ್ಟೇಲಿ ಒರ್ಸಿ ಇಡಿ, ಬಣ್ಣ ಹೊಡೆದು ಹತ್ತು ಸೆಕೆಂಡಲ್ಲಿ ಮುಚ್ಚೋ ಹಾಗೆ ಪಕ್ಕದಲ್ಲೇ ಇರ್ಲಿ. ಆ ರಾತ್ರಿ ನಾನು ಡಬ್ಬಿ ಮುಚ್ಚಿ ಕಾಫಿಗೆ ಹೋಗಿದ್ರೆ ಈ ಬರಹನೇ ಇರ್ತಿರ್ಲಿಲ್ಲ. ಮಳೆಗಾಲದಲ್ಲಿ ಬೀರೊಳಗೆ ಬಲ್ಬ್ ಉರಿಸಿಡ್ತೀವಲ್ಲ, ಅದೇ ಉಪಾಯ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಮಾಡಬಹುದು, ಆದ್ರೆ ಥಿನ್ನರ್ ವಾಸನೆ ಪೂರ್ತಿ ಹೋದ್ಮೇಲೆ ಮಾತ್ರ ಮಾಡೆಲ್ ಒಳಗಿಡಿ, ಬಲ್ಬ್ ರಟ್ಟಿಗೆ ತಾಗ್ದಂಗೆ ನೋಡ್ಕೊಳ್ಳಿ, ಬಿಸಿ 40 ಡಿಗ್ರಿ ದಾಟ್ಬಾರ್ದು, ತೆಳ್ಳನೆ ಭಾಗ ಬಾಗುತ್ತೆ.

ಅರ್ಧ ಧೂಳು ಧೂಳೇ ಅಲ್ಲ

ಇದನ್ನ ಮೊದ್ಲೇ ಹೇಳ್ಬೇಕಿತ್ತು. ಲೆನ್ಸ್ ತಗೊಂಡು ನೋಡಿ. ನೂಲು, ಕೂದ್ಲು, ಬೇರೆ ಬಣ್ಣದ ಕಣ ಕಂಡ್ರೆ ಅದು ಧೂಳು. ಒಂದೇ ಬಣ್ಣದ, ಸಣ್ಣ ರವೆ ತರ, ಒಂದು ಕಡೆಯೆಲ್ಲ ಒರಟಾಗಿ ಹರಡಿದ್ರೆ ಅದು ಡ್ರೈ ಸ್ಪ್ರೇ, ಬಣ್ಣ ದಾರಿಯಲ್ಲೇ ಒಣಗಿ ಪುಡಿಯಾಗಿ ಬಿದ್ದಿರೋದು. ಜನವರಿ ಒಣ ಗಾಳಿಯಲ್ಲಿ ಇದು ಜಾಸ್ತಿ, ಜನ ಸ್ಟಾಟಿಕ್ ಅಂತ ಬೈತಾರೆ. ಹತ್ರ ಹೋಗಿ ಹೊಡೀರಿ, ಪ್ರೆಷರ್ 15 ಪಿಎಸ್ಐ ಹತ್ರ ಇಳಿಸಿ, ಥಿನ್ನರ್ ಸ್ವಲ್ಪ ಜಾಸ್ತಿ, ಮುಗೀತು. ಮೂರನೇದು, ಆಗಾಗ ಒಂದೊಂದು ದಪ್ಪ ಚೂರು ಬಿದ್ರೆ ಅದು ಕಪ್ ಅಂಚಲ್ಲಿ ಒಣಗಿದ ಹಳೇ ಬಣ್ಣ ಇಲ್ಲಾ ಬಾಟಲ್ ಮುಚ್ಚಳದ ಹಕ್ಕಳೆ, ಬಣ್ಣನ ಹಳೇ ನೈಲಾನ್ ಕಾಲುಚೀಲದ ತುಂಡಲ್ಲಿ ಸೋಸಿ ಹಾಕಿ. ಇದಕ್ಕೆಲ್ಲ ಆಂಟಿಸ್ಟಾಟಿಕ್ ಗನ್ ತಂದ್ರೆ ಹಲ್ಲು ನೋವಿಗೆ ಕಣ್ಣಿಗೆ ಡ್ರಾಪ್ಸ್ ಹಾಕ್ದಂಗೆ.

ದುಡ್ಡು ಕಮ್ಮಿ ಇದ್ರೆ ಹೈಗ್ರೋಮೀಟರ್, ಡಬ್ಬಿ, ಸೋಪು, ಹಳೇ ಶರ್ಟು, ಇಷ್ಟಕ್ಕೇ ಮುಕ್ಕಾಲು ಭಾಗ ಕಮ್ಮಿ ಆಗುತ್ತೆ. ಇನ್ನೊಂದಿಷ್ಟು ಇದ್ರೆ ಆಂಟಿಸ್ಟಾಟಿಕ್ ಬ್ರಷ್ಷು, ಎರಡನೇ ಮಾಯಿಶ್ಚರ್ ಟ್ರ್ಯಾಪು. ಗನ್ ಕೊನೇಗೆ, ಅದೂ ಕುಶಾಲನಗರದವ್ರಿಗೆ.

ಇಷ್ಟೆಲ್ಲ ಮಾಡಿಯೂ ಬಿದ್ರೆ ಒದ್ದೆ ಇದ್ದಾಗ ಕೈ ಹಾಕೋ ಆಸೆ ತಡ್ಕೊಳ್ಳಿ. ನಾನು ಆ ಕೂದ್ಲನ್ನ ಟ್ವೀಜರ್‌ನಲ್ಲಿ ಎತ್ತೋಕೆ ಹೋಗಿ ಕೊಕ್ಕೆ ಜೊತೆ ಒಂದು ಗೀರೂ ಮಾಡ್ದೆ. ಎರಡು ದಿನ ಬಿಟ್ಟು 2000 ಗ್ರಿಟ್‌ನ (ತುಂಬಾ ನಯವಾದ) ಉಜ್ಜೋ ಪೇಪರನ್ನ ನೀರಲ್ಲಿ ಅದ್ದಿ ಆ ಜಾಗ ಮಾತ್ರ ಉಜ್ಜಿ, ಆಮೇಲೆ 3000, ಬೆರಳು ಸವರಿದ್ರೆ ಏನೂ ಸಿಗಬಾರ್ದು. ಉಜ್ಜಿ ತೊಳೆದು, ರೆಕ್ಕೆಗೆ ಎರಡನೇ ಕೋಟ್ ಹೊಡೆದಿದ್ದು ಫೆಬ್ರವರಿಯಲ್ಲಿ, ಮೊದಲ ಹೂಮಳೆ ಬಿದ್ದ ಮಾರನೇ ಸಾಯಂಕಾಲ, ಮೀಟರ್‌ನಲ್ಲಿ 58. ಡಬ್ಬಿ ಮುಚ್ಚಿ, ಅರ್ಧ ಗಂಟೆ ಚಳೀಲಿ ನಡುಗ್ತಾ ಕಾಟನ್ ಶರ್ಟಲ್ಲೇ ಕೂತಿದ್ದೆ, ನಾಯಿ ಬಾಗಿಲಾಚೆ ಕುಯ್ ಕುಯ್ ಅಂತಿತ್ತು.